ತಾಗುವುದು ಎಷ್ಟು, ತಳ್ಳುವುದು ಎಷ್ಟು?

(ಉಪನ್ಯಾಸವೊಂದರ ಬರಹರೂಪ)

1991ರ ಜೂನ್ 9ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸೊನೋಮಾ ಗುಡ್ಡಗಳ ನಡುವೆ ಇರುವ ಸಿಯರ್ಸ್ ಪಾಯಿಂಟ್ ಎಂಬ ಓಟದ ದಾರಿಯಲ್ಲಿ ಒಂದು ವಿಚಿತ್ರ ನಡೆಯಿತು. ಎಲ್ಲರಿಗಿಂತ ಮೊದಲು ಗೆರೆ ದಾಟಿದ ಕಾರಿಗೆ ಕಪ್ಪು ಬಾವುಟ ತೋರಿಸಿದರು. ಕೆಲವು ಸೆಕೆಂಡು ತಡವಾಗಿ ಬಂದ ಎರಡನೆಯ ಕಾರಿಗೆ ಗೆಲುವಿನ ಚೌಕಳಿ ಬಾವುಟ ಬೀಸಿದರು. ಮೊದಲು ಬಂದವರು ರಿಕಿ ರಡ್, ಗೆದ್ದವರು ಡೇವಿ ಆಲಿಸನ್. ಗ್ಯಾಲರಿಯಲ್ಲಿದ್ದ ಜನಕ್ಕೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೂ ಅದು ಸರಿಯೋ ತಪ್ಪೋ ಎಂಬ ಜಗಳ ಅಂದಿಗೆ ಮುಗಿಯಲಿಲ್ಲ.

ಈ ಜಗಳದ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೆ ಸ್ಟಾಕ್ ಕಾರ್ ಓಟ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಸ್ಟಾಕ್ ಎಂದರೆ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟಂಥ ಕಾರು ಎಂದರ್ಥ. ಇಂದು ಆ ಹೆಸರಿಗೂ ಕಾರಿಗೂ ಸಂಬಂಧ ಉಳಿದಿಲ್ಲ. ಮೇಲಿನ ಕವಚ ಫೋರ್ಡ್, ಷೆವರ್ಲೆ, ಟೊಯೊಟಾಗಳನ್ನು ನೆನಪಿಸುತ್ತದೆ, ಅಷ್ಟೆ. ಆದರೆ ಮೊದಲಿಗೆ ಹಾಗಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬೆಟ್ಟಗಾಡಿನಲ್ಲಿ ಕಳ್ಳಭಟ್ಟಿ ಕಾಯಿಸಿ, ರಾತ್ರಿಯ ಹೊತ್ತು ಸಾಮಾನ್ಯ ಕಾರುಗಳಲ್ಲಿ ತುಂಬಿಕೊಂಡು, ತೆರಿಗೆ ಇಲಾಖೆಯವರ ಕೈಗೆ ಸಿಗದಂತೆ ಓಡಿಸುತ್ತಿದ್ದ ಹುಡುಗರು ಈ ಕ್ರೀಡೆಯ ಮೊದಲ ತಲೆಮಾರಿನಲ್ಲಿ ಹಲವರಿದ್ದರು. ಬಿಲ್ ಫ್ರಾನ್ಸ್ ಎಂಬವರು 1947ರ ಡಿಸೆಂಬರಿನಲ್ಲಿ ಡೇಟೋನಾ ಬೀಚಿನ ಹೋಟೆಲೊಂದರಲ್ಲಿ ಸಭೆ ಕರೆದು, ಮರುವರ್ಷ ನ್ಯಾಸ್ಕಾರ್ ಸಂಸ್ಥೆಯನ್ನು ಕಟ್ಟಿದರು. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ನಡೆದ ಮೊದಲ 'ಸ್ಟ್ರಿಕ್ಟ್‌ಲಿ ಸ್ಟಾಕ್' ಪಂದ್ಯದಲ್ಲಿ ಮೊದಲು ಬಂದ ಗ್ಲೆನ್ ಡನವೇ ಅವರ ಕಾರನ್ನು ಪರೀಕ್ಷಿಸಿದಾಗ, ಅದರ ಹಿಂಬದಿಯ ಸ್ಪ್ರಿಂಗನ್ನು ಕಳ್ಳಭಟ್ಟಿ ಸಾಗಿಸುವವರು ಮಾಡಿಕೊಳ್ಳುವಂತೆ ಬದಲಾಯಿಸಿದ್ದು ಪತ್ತೆಯಾಯಿತು. ಗೆಲುವು ಜಿಮ್ ರೋಪರ್ ಪಾಲಾಯಿತು. ಮೊದಲ ಪಂದ್ಯದಲ್ಲೇ ಗೆರೆ ದಾಟಿದವರು ಬೇರೆ, ಗೆದ್ದವರು ಬೇರೆ! ಈ ಕ್ರೀಡೆಯ ಜಾತಕವೇ ಹಾಗಿದೆ ಎನ್ನಬೇಕು.

ಈ ಓಟಗಳು ಹೆಚ್ಚಾಗಿ ನಡೆಯುತ್ತಿದ್ದುದು ಅಂಡಾಕಾರದ ದಾರಿಗಳಲ್ಲಿ. ಎಡಕ್ಕೆ ತಿರುಗಿದರೆ ಮತ್ತೆ ಎಡಕ್ಕೆ. ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡುವುದರಿಂದ ಬಾಗಿಲಿಗೆ ಬಾಗಿಲು ಉಜ್ಜುವುದು, ಬಂಪರಿಗೆ ಬಂಪರ್ ತಾಗುವುದು ನಿತ್ಯದ ಸಂಗತಿ. ಚಕ್ರಗಳು ಕವಚದ ಒಳಗೆ ಇರುವುದರಿಂದ ತಾಗಿದರೂ ಕಾರು ಹಾರಿ ಬೀಳುವುದಿಲ್ಲ. ಫಾರ್ಮುಲಾ ಒನ್ ಕಾರುಗಳ ತೆರೆದ ಚಕ್ರಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ಬೇರೆಯೇ ಮಾತು. ಹೀಗೆ ಕಾರಿನ ಮೈಕಟ್ಟೇ ಒಂದು ನೀತಿಯನ್ನು ರೂಪಿಸಿತು: ತಾಗುವುದು ತಪ್ಪಲ್ಲ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದದ್ದು ರೋಡ್ ಕೋರ್ಸ್, ಅಂದರೆ ಎಡಬಲ ತಿರುವುಗಳೂ ಏರಿಳಿತಗಳೂ ಇರುವ, ಊರ ರಸ್ತೆಯನ್ನು ಹೋಲುವ ದಾರಿಯ ಸಂಸ್ಕೃತಿ. ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಪುಟ್ಟ ಊರಿನಲ್ಲಿ, ಕಾನೂನು ವಿದ್ಯಾರ್ಥಿಯಾಗಿದ್ದ ಕ್ಯಾಮರಾನ್ ಆರ್ಜೆಟ್‌ಸಿಂಗರ್ ಅವರ ಉತ್ಸಾಹದಿಂದ 1948ರ ಅಕ್ಟೋಬರಿನಲ್ಲಿ ಊರ ರಸ್ತೆಗಳಲ್ಲೇ ಇಂಥ ಓಟ ನಡೆಯಿತು. ಯುರೋಪಿನ ಕಾರುಗಳು, ಅನುಕೂಲಸ್ಥ ಹವ್ಯಾಸಿಗಳು. ಅಲ್ಲಿ ಎದುರಾಳಿಯ ಕಾರನ್ನು ಮುಟ್ಟುವುದು ಅಸಭ್ಯತೆ. ಒಂದೇ ದೇಶದಲ್ಲಿ, ಒಂದೇ ವರ್ಷದಲ್ಲಿ, ಒಂದು ಕಡೆ ಕಳ್ಳಭಟ್ಟಿಯ ಹುಡುಗರ ನ್ಯಾಸ್ಕಾರ್, ಇನ್ನೊಂದು ಕಡೆ ಈ ಸಭ್ಯರ ಓಟ ಕಣ್ಣು ಬಿಟ್ಟವು. ಎರಡೂ ಒಂದೇ ದಾರಿಗೆ ಬಂದು ನಿಂತದ್ದು ಸ್ವಲ್ಪ ತಡವಾಗಿ. 1954ರಲ್ಲಿ ನ್ಯೂಜೆರ್ಸಿಯ ಲಿಂಡನ್ ವಿಮಾನ ನಿಲ್ದಾಣದಲ್ಲಿ ನ್ಯಾಸ್ಕಾರಿನ ಮೊದಲ ರೋಡ್ ಕೋರ್ಸ್ ಪಂದ್ಯ ನಡೆದಾಗ ಗೆದ್ದದ್ದು ಆಲ್ ಕೆಲರ್ ಓಡಿಸಿದ ಜಾಗ್ವಾರ್, ಅಪ್ಪಟ ಇಂಗ್ಲಿಷ್ ಕಾರು. 1957ರಲ್ಲಿ ನ್ಯಾಸ್ಕಾರ್ ವಾಟ್ಕಿನ್ಸ್ ಗ್ಲೆನ್‌ಗೂ ಬಂತು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಡ್ಯಾನ್ ಗರ್ನಿ 1963ರಿಂದ 1968ರ ನಡುವೆ ಐದು ಬಾರಿ ಗೆದ್ದರು. ಅವರು ಫಾರ್ಮುಲಾ ಒನ್ ಬಲ್ಲವರು. ದಕ್ಷಿಣದ ಗಟ್ಟಿಗರನ್ನು ಅವರ ಕಾರಿನಲ್ಲೇ ಸೋಲಿಸಿದರು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಬೇಕು, ಏಕೆಂದರೆ ನೀತಿಯ ಪ್ರಶ್ನೆ ಅಡಗಿರುವುದು ಬ್ರೇಕಿನಲ್ಲಿ. ನೇರ ದಾರಿಯಲ್ಲಿ ಗಳಿಸಿದ ವೇಗವನ್ನೆಲ್ಲ ಬಿಗಿ ತಿರುವಿನ ಮುಂದೆ ಕಳೆಯಬೇಕು. ಸುಮಾರು ಒಂದೂವರೆ ಟನ್ ತೂಕದ ಕಾರಿಗೆ ಜೋರಾಗಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಆ ಗಳಿಗೆಯಲ್ಲಿ ಹಿಂದಿನವನು ಬಂಪರಿನಿಂದ ಮೆತ್ತಗೆ ನೂಕಿದರೂ ಸಾಕು, ಮುಂದಿನ ಕಾರು ತನ್ನ ಗೆರೆ ಬಿಟ್ಟು ಒಂದೆರಡು ಅಡಿ ಹೊರಕ್ಕೆ ಜಾರುತ್ತದೆ, ಒಳಬದಿ ತೆರೆಯುತ್ತದೆ, ಹಿಂದಿನವನು ನುಸುಳುತ್ತಾನೆ. ಇದಕ್ಕೆ ಅಲ್ಲಿನವರು 'ಬಂಪ್ ಅಂಡ್ ರನ್' ಎನ್ನುತ್ತಾರೆ. ಇದೇ ನೂಕು ಕೂದಲೆಳೆಯಷ್ಟು ಹೆಚ್ಚಾದರೆ ಮುಂದಿನ ಕಾರು ಬುಗುರಿಯಂತೆ ಗಿರಕಿ ಹೊಡೆಯುತ್ತದೆ. ಮೊದಲನೆಯದನ್ನು ಕಲೆ ಎಂದೂ ಎರಡನೆಯದನ್ನು ಪುಂಡಾಟ ಎಂದೂ ಕರೆಯುವ ರೂಢಿ. ಎರಡರ ನಡುವಿನ ಅಂತರ ಕಾಲಿನ ಹೆಬ್ಬೆರಳ ಒತ್ತಡದಷ್ಟು. ಮೇಲಾಗಿ ಆ ಕಾಲದ ಸ್ಟಾಕ್ ಕಾರುಗಳ ಹಿಂಬದಿ ಅಚ್ಚು ಲಾರಿಯದರಂತೆ ಒಂದೇ ಗಟ್ಟಿ ತುಂಡು. ತಡವಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಕುಪ್ಪಳಿಸತೊಡಗಿ ಕಾರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹೀಗಾಗಿ, ಬೇಕೆಂದೇ ಗುದ್ದಿದ್ದೋ ನಿಲ್ಲಿಸಲಾಗದೆ ಗುದ್ದಿದ್ದೋ ಎಂದು ಹೊರಗಿನಿಂದ ನೋಡಿದವರು ಹೇಳುವುದು ಬಹಳ ಕಷ್ಟ.

ಇನ್ನೂ ಒಂದು ಕಾರಣವಿದೆ. ದೊಡ್ಡ ಅಂಡಾಕಾರದ ದಾರಿಯಲ್ಲಿ ಮುನ್ನೂರು ಕಿ.ಮೀ. ವೇಗದಲ್ಲಿ ಒಬ್ಬನನ್ನು ತಳ್ಳಿದರೆ ಅವನು ಗೋಡೆಗೆ ಬಡಿದು ಸತ್ತೇ ಹೋಗಬಹುದು. ಅದಕ್ಕೆ ಯಾರೂ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ರೋಡ್ ಕೋರ್ಸಿನ ಬಿಗಿ ತಿರುವಿನಲ್ಲಿ ವೇಗ ಕಡಿಮೆ, ಹೆಚ್ಚೆಂದರೆ ಕಾರು ಗಿರಕಿ ಹೊಡೆದು ಸಮಯ ನಷ್ಟವಾಗುತ್ತದೆ. ಹಾಗಾಗಿ ಕೈ, ಅಲ್ಲ, ಕಾಲು ಸಡಿಲವಾಗುತ್ತದೆ. ಸಭ್ಯರ ಓಟಕ್ಕೆಂದು ಕಟ್ಟಿದ ದಾರಿಯೇ ಸ್ಟಾಕ್ ಕಾರಿನವರಿಗೆ ನೂಕಾಟಕ್ಕೆ ಅನುಕೂಲವಾದದ್ದು ಹೀಗೆ. ಆದರೆ ರೋಡ್ ಕೋರ್ಸಿನಲ್ಲೂ ವೇಗದ ತಿರುವುಗಳಿವೆ ಎಂಬುದನ್ನು ಮರೆಯಬಾರದು. 1964ರ ಜನವರಿಯಲ್ಲಿ ರಿವರ್‌ಸೈಡ್‌ನಲ್ಲಿ ಎರಡು ಬಾರಿಯ ಚಾಂಪಿಯನ್ ಜೋ ವೆದರ್ಲಿ ತೀರಿಕೊಂಡರು. ಸಿಯರ್ಸ್ ಪಾಯಿಂಟಿನ ಆ ಜಗಳ ನಡೆದ ಎರಡೇ ತಿಂಗಳಿಗೆ, 1991ರ ಆಗಸ್ಟ್ 11ರಂದು, ವಾಟ್ಕಿನ್ಸ್ ಗ್ಲೆನ್‌ನ ವೇಗದ ತಿರುವೊಂದರಲ್ಲಿ ಜೆ.ಡಿ. ಮೆಕ್‌ಡಫಿ ಮಡಿದರು. ಅವರದು ಯಾರೋ ತಳ್ಳಿ ಆದ ಸಾವಲ್ಲ, ಕಾರಿನ ಭಾಗವೇ ಕೈಕೊಟ್ಟದ್ದು. ಮರುವರ್ಷ ಆ ತಿರುವಿಗೆ ಮುನ್ನ ವೇಗ ತಗ್ಗಿಸುವ ಅಂಕುಡೊಂಕಿನ ತುಣುಕೊಂದನ್ನು ಸೇರಿಸಿದರು.

ಈಗ ರಡ್ ಮತ್ತು ಆಲಿಸನ್ ಕಡೆಗೆ ಬರೋಣ. ಸಿಯರ್ಸ್ ಪಾಯಿಂಟಿನ ಒಂದು ಸುತ್ತು ಸುಮಾರು 4 ಕಿ.ಮೀ.; ಪಂದ್ಯ 74 ಸುತ್ತು. ಕೊನೆಯ ಕೆಲವು ಸುತ್ತುಗಳಲ್ಲಿ ಮುಂದಿದ್ದ ಟಾಮಿ ಕೆಂಡಲ್ ಮತ್ತು ಮಾರ್ಕ್ ಮಾರ್ಟಿನ್ ಒಬ್ಬರಿಗೊಬ್ಬರು ತಾಗಿ ಹಿಂದೆ ಬಿದ್ದರು. ಆಲಿಸನ್ ಮುಂದೆ, ರಡ್ ಬೆನ್ನಿಗೆ. ಕೊನೆಯ ಸುತ್ತಿನ ಬಿಳಿ ಬಾವುಟ ಕಾಣುವ ಮುನ್ನ ಬರುವುದು ಹನ್ನೊಂದನೆಯ ತಿರುವು; ಹೆಣ್ಣುಮಕ್ಕಳ ಹೇರ್‌ಪಿನ್ನಿನಂತೆ ಮಡಚಿಕೊಂಡ ಜಾಗ. ಅಲ್ಲಿ ರಡ್ ಅವರ ಷೆವರ್ಲೆ ಆಲಿಸನ್ ಅವರ 28ನೇ ಸಂಖ್ಯೆಯ ಫೋರ್ಡಿಗೆ ತಾಗಿತು. ಆಲಿಸನ್ ಗಿರಕಿ ಹೊಡೆದರು, ರಡ್ ಮುಂದೆ ಸಾಗಿದರು. ಉಳಿದದ್ದು ಒಂದೇ ಸುತ್ತು. ಆ ಸುತ್ತು ಮುಗಿಯುವಷ್ಟರಲ್ಲಿ ಅಧಿಕಾರಿಗಳು ತೀರ್ಮಾನ ಮಾಡಿಬಿಟ್ಟಿದ್ದರು. ರಡ್ ಅವರಿಗೆ 5 ಸೆಕೆಂಡಿನ ದಂಡ, ಅಂದರೆ ಎರಡನೆಯ ಸ್ಥಾನ.

ರಡ್ ಕಡೆಯವರ ವಾದ ಸರಳವಾಗಿತ್ತು. ಬೇಕೆಂದು ಮಾಡಿದ್ದಲ್ಲ, ಇಂಥದ್ದು ಪ್ರತಿ ಭಾನುವಾರ ನಡೆಯುತ್ತದೆ, ಅಂದೇ ಅದೇ ದಾರಿಯಲ್ಲಿ ಎಷ್ಟೋ ಕಾರುಗಳು ತಾಗಿದ್ದವು, ತಮಗೆ ಮಾತ್ರ ಶಿಕ್ಷೆ ಏಕೆ? ಈ ವಾದದಲ್ಲಿ ಹುರುಳಿದೆ ಎಂದೇ ಹೇಳಬೇಕು. ಎಂಟು ವರ್ಷಗಳ ನಂತರ, 1999ರ ಆಗಸ್ಟಿನಲ್ಲಿ, ಬ್ರಿಸ್ಟಲ್‌ನ ಚಿಕ್ಕ ಅಂಡಾಕಾರದ ದಾರಿಯಲ್ಲಿ ಡೇಲ್ ಅರ್ನ್‌ಹಾರ್ಟ್ ಕೊನೆಯ ಸುತ್ತಿನಲ್ಲೇ ಟೆರಿ ಲಬಾಂಟಿ ಅವರನ್ನು ಹಿಂದಿನಿಂದ ತಾಗಿ ಗಿರಕಿ ಹೊಡೆಸಿ ಗೆದ್ದರು. ಕೆಡವುವ ಉದ್ದೇಶವಿರಲಿಲ್ಲ, ಸ್ವಲ್ಪ ಬೆಚ್ಚಿಬೀಳಿಸಬೇಕೆಂದಿದ್ದೆ ಎಂಬರ್ಥದ ಮಾತನ್ನು ಆಡಿದರು. ಜನ ಕೂಗಿ ಮೂದಲಿಸಿದರು. ಗೆಲುವು ಮಾತ್ರ ಉಳಿಯಿತು! ಕೆಲಸ ಒಂದೇ, ತೀರ್ಪು ಎರಡು. ಅರ್ನ್‌ಹಾರ್ಟ್ ಆ ಹೊತ್ತಿಗೆ ಏಳು ಬಾರಿಯ ಚಾಂಪಿಯನ್ ಎಂಬುದನ್ನು ನೆನೆದು ನಕ್ಕವರೂ ಇದ್ದರು.

ಆದರೆ 1991ರ ತೀರ್ಪನ್ನು ಬರೀ ಅನ್ಯಾಯ ಎಂದು ತಳ್ಳಿಹಾಕುವಂತೆಯೂ ಇಲ್ಲ. ಹಿಂದಿಕ್ಕುವ ದಾರಿ ತೆರೆದುಕೊಳ್ಳುವ ಮೊದಲೇ ಎದುರಾಳಿಯನ್ನು ದಾರಿಯಿಂದ ತೆಗೆದುಹಾಕಿದರೆ, ಅದನ್ನು ಹಿಂದಿಕ್ಕುವುದು ಎನ್ನಲು ಸಾಧ್ಯವೇ? ಅಧಿಕಾರಿಗಳ ತಪ್ಪಿದ್ದರೆ ಅದು ಶಿಕ್ಷೆ ಕೊಟ್ಟದ್ದರಲ್ಲಿ ಅಲ್ಲ, ಮುಂದೆ ಅದೇ ಅಳತೆಯನ್ನು ಹಿಡಿದು ನಿಲ್ಲದೆ ಹೋದದ್ದರಲ್ಲಿ.

ಕ್ರಿಕೆಟ್ ಬಲ್ಲ ನಮ್ಮವರಿಗೆ ಈ ಸಂಕಟ ಅಪರಿಚಿತವಲ್ಲ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ಜಿ.ಆರ್. ವಿಶ್ವನಾಥ್ ಮರಳಿ ಕರೆದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ಅವರಿಗೆ ಖಾತ್ರಿಯಾಗಿತ್ತು. ಟೇಲರ್ ಮತ್ತು ಬಾಥಮ್ ಆರನೆಯ ವಿಕೆಟ್ಟಿಗೆ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಭದ್ರಾವತಿಯ ವಿಶ್ವನಾಥ್ ಹೆಸರು ಇಂದಿಗೂ ಆ ಸೋಲಿನಿಂದಲೇ ಬೆಳಗುತ್ತಿದೆ. ಆದರೆ ವಿಶ್ವನಾಥ್ ಅವರಿಗೆ ಯೋಚಿಸಲು ಕೆಲವು ಗಳಿಗೆಯಾದರೂ ಇತ್ತು. ಹನ್ನೊಂದನೆಯ ತಿರುವಿನಲ್ಲಿ ಅಷ್ಟು ವ್ಯವಧಾನ ಸಿಗುವುದಿಲ್ಲ. ಅಲ್ಲಿ ಪ್ರಕಟವಾಗುವುದು ಯೋಚನೆ ಅಲ್ಲ, ಅಭ್ಯಾಸ. ಆ ಅಭ್ಯಾಸವನ್ನು ರೂಪಿಸುವುದು ಪಂದ್ಯದ ನಿಯಮ ಮತ್ತು ಅಂಕಗಳ ಲೆಕ್ಕ.

ನಿಯಮಗಳು ಹೇಗೆ ಬದಲಾದವು ನೋಡಿ. ಪಂದ್ಯ ಹಳದಿ ಬಾವುಟದಡಿ ನೀರಸವಾಗಿ ಮುಗಿಯಬಾರದೆಂದು 2004ರಲ್ಲಿ ಹೆಚ್ಚುವರಿ ಸುತ್ತುಗಳ ಪದ್ಧತಿ ಬಂತು. 2009ರಲ್ಲಿ ಪುನರಾರಂಭದ ಸಾಲು ಎರಡೆರಡು ಕಾರುಗಳ ಜೋಡಿಯಾಯಿತು. 2010ರ ಜನವರಿಯಲ್ಲಿ ನ್ಯಾಸ್ಕಾರಿನ ಅಧಿಕಾರಿ ರಾಬಿನ್ ಪೆಂಬರ್‌ಟನ್, ಇನ್ನು ಮುಂದೆ ಚಾಲಕರು ತಮ್ಮ ಲೆಕ್ಕ ತಾವೇ ತೀರಿಸಿಕೊಳ್ಳಬಹುದು ಎಂಬ ಧಾಟಿಯ ಮಾತಾಡಿದರು. 2014ರಲ್ಲಿ ಬಂದ ಪದ್ಧತಿಯಲ್ಲಂತೂ ಒಂದು ಗೆಲುವು ಸಿಕ್ಕರೆ ಚಾಂಪಿಯನ್‌ಷಿಪ್‌ನ ಅಂತಿಮ ಘಟ್ಟಕ್ಕೆ ಹೆಚ್ಚುಕಡಿಮೆ ಪ್ರವೇಶ ಸಿಕ್ಕಂತೆಯೇ ಆಗುತ್ತಿತ್ತು. ಎರಡನೆಯ ಸ್ಥಾನಕ್ಕೆ ಬೆಲೆ ಕುಸಿದಾಗ ಎರಡನೆಯವನ ಬಂಪರಿಗೆ ಹಸಿವು ಹೆಚ್ಚುವುದು ಸಹಜವೇ.

2011ರ ಜೂನ್‌ನಲ್ಲಿ ಸೊನೋಮಾದ ಅದೇ ದಾರಿಯಲ್ಲಿ ತಮಗೆ ಅಡ್ಡ ಬಂದರೆಂದು ಟೋನಿ ಸ್ಟುವರ್ಟ್ ಬ್ರಯನ್ ವಿಕರ್ಸ್ ಅವರನ್ನು ಕೆಡವಿದರು. ವಿಕರ್ಸ್ ಕಾದಿದ್ದು, ಹನ್ನೊಂದನೆಯ ತಿರುವಿನಲ್ಲಿ ಸ್ಟುವರ್ಟ್ ಕಾರನ್ನು ಹಿಮ್ಮುಖವಾಗಿ ಟೈರುಗಳ ಗೋಡೆಯ ಮೇಲೇ ಏರಿಸಿದರು. ಸ್ಟುವರ್ಟ್ ದೂರಲಿಲ್ಲ, ತಾನು ಮಾಡಿದ್ದಕ್ಕೆ ಸಿಕ್ಕ ಫಲ ಎಂದು ಒಪ್ಪಿಕೊಂಡರು, ಅಡ್ಡ ಬಂದವರನ್ನು ಮುಂದೆಯೂ ಬಿಡುವುದಿಲ್ಲವೆಂದೂ ಸೇರಿಸಿದರು. ಇದೂ ಒಂದು ಬಗೆಯ ಪ್ರಾಮಾಣಿಕತೆ. ಹೊರಗಿನವರಿಗೆ ಬೀದಿಜಗಳದಂತೆ ಕಾಣುವ ಇದರಲ್ಲಿ ಒಳಗಿನವರಿಗೆ ಒಂದು ಲಿಖಿತವಲ್ಲದ ಕಟ್ಟಳೆ ಇದೆ: ಕೊಟ್ಟವನು ಪಡೆಯಲೂ ಸಿದ್ಧನಿರಬೇಕು, ಪಡೆದ ಮೇಲೆ ಗೋಳಿಡಬಾರದು.

ಈ ಕಟ್ಟಳೆಯ ಸೊಗಸಾದ ಮುಖ ಕಂಡದ್ದು 2012ರ ಆಗಸ್ಟಿನಲ್ಲಿ, ವಾಟ್ಕಿನ್ಸ್ ಗ್ಲೆನ್‌ನ ಕೊನೆಯ ಸುತ್ತಿನಲ್ಲಿ. ಬೇರೊಂದು ಕಾರು ಚೆಲ್ಲಿದ್ದ ಎಣ್ಣೆಯಿಂದ ದಾರಿ ಜಾರುತ್ತಿತ್ತು. ಮುಂದಿದ್ದ ಕೈಲ್ ಬುಷ್ ಜಾರಿದಾಗ ಬ್ರಾಡ್ ಕೆಸೆಲೋಸ್ಕಿ ತಾಗಿ ಅವರು ಗಿರಕಿ ಹೊಡೆದರು. ಉಳಿದದ್ದು ಕೆಸೆಲೋಸ್ಕಿ ಮತ್ತು ಆಸ್ಟ್ರೇಲಿಯದ ಮಾರ್ಕೋಸ್ ಆಂಬ್ರೋಸ್. ಇಬ್ಬರೂ ದಾರಿ ಬಿಟ್ಟು ಹೊರಗೆ ಹೋದರು, ಒಳಗೆ ಬಂದರು, ಒಬ್ಬರನ್ನೊಬ್ಬರು ನೂಕಿದರು. ಆದರೆ ಯಾರೂ ಯಾರನ್ನೂ ಕೆಡವಲಿಲ್ಲ. ಆಂಬ್ರೋಸ್ ಗೆದ್ದರು, ಸೋತ ಕೆಸೆಲೋಸ್ಕಿ ನಗುತ್ತಿದ್ದರು. ಬುಷ್ ನಗಲಿಲ್ಲ, ಅದು ಬೇರೆ.

ಇದರ ಇನ್ನೊಂದು ತುದಿ 2018ರ ಸೆಪ್ಟೆಂಬರ್ 30. ಷಾರ್ಲಟ್‌ನ ಅಂಡಾಕಾರದ ದಾರಿಯ ಒಳಗೆ ತಿರುವುಗಳನ್ನು ಸೇರಿಸಿ ಮಾಡಿದ 'ರೋವಲ್' ಎಂಬ ಹೊಸ ದಾರಿಯಲ್ಲಿ ಮೊದಲ ಪಂದ್ಯ. ಕೊನೆಯ ಸುತ್ತಿನಲ್ಲಿ ಮಾರ್ಟಿನ್ ಟ್ರೂಎಕ್ಸ್ ಮುಂದೆ, ಏಳು ಬಾರಿಯ ಚಾಂಪಿಯನ್ ಜಿಮ್ಮಿ ಜಾನ್ಸನ್ ಎರಡನೆಯವರು. ಜಾನ್ಸನ್ ಆ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಸುಮ್ಮನೆ ಎರಡನೆಯವರಾಗಿ ಗೆರೆ ದಾಟಿದ್ದರೆ ಚಾಂಪಿಯನ್‌ಷಿಪ್‌ನ ಮುಂದಿನ ಸುತ್ತಿಗೆ ಹೋಗುತ್ತಿದ್ದರು. ಅವರು ಕೊನೆಯ ತಿರುವಿನಲ್ಲಿ ಅತಿ ತಡವಾಗಿ ಬ್ರೇಕ್ ಹಾಕಿದರು. ಚಕ್ರಗಳು ಕಚ್ಚಿಕೊಂಡು ತಾವೇ ಗಿರಕಿ ಹೊಡೆದು ಟ್ರೂಎಕ್ಸ್‌ಗೂ ಬಡಿದರು. ಮೂರನೆಯವರಾಗಿ ಬರುತ್ತಿದ್ದ ರಯನ್ ಬ್ಲೇನಿ ಗೆದ್ದರು. ಇದೇ ವೇಳೆ ಹಿಂದೆ, ನುಜ್ಜುಗುಜ್ಜಾದ ಕಾರನ್ನು ಎಳೆದುಕೊಂಡು ಬರುತ್ತಿದ್ದ ಕೈಲ್ ಲಾರ್ಸನ್, ಗೆರೆಯ ಬಳಿ ಕೆಟ್ಟು ನಿಂತಿದ್ದ ಕಾರೊಂದನ್ನು ದಾಟಿ ಒಂದೇ ಒಂದು ಅಂಕ ಹೆಚ್ಚು ಗಳಿಸಿದರು. ಮೂವರ ಅಂಕ ಸಮವಾಯಿತು, ಹೊರಬಿದ್ದವರು ಜಾನ್ಸನ್. ಸಿಟ್ಟಿನಲ್ಲಿದ್ದ ಟ್ರೂಎಕ್ಸ್ ಪಂದ್ಯ ಮುಗಿದ ಮೇಲೆ ಜಾನ್ಸನ್ ಕಾರನ್ನು ತಿರುಗಿಸಿದರು.

ಜಾನ್ಸನ್ ಮಾಡಿದ್ದು ಕ್ರೀಡಾಮನೋಭಾವಕ್ಕೆ ವಿರುದ್ಧವೇ? ಅಲ್ಲ. ಅದರಲ್ಲಿ ದ್ವೇಷವಿರಲಿಲ್ಲ, ಲಾಭಕ್ಕಿಂತ ಹೆಚ್ಚು ನಷ್ಟದ ಸಾಧ್ಯತೆಯಿತ್ತು. ಓಡುವವನು ಗೆಲ್ಲಲು ಪ್ರಯತ್ನಿಸಲೇಬೇಕು ಎಂಬ ನಂಬಿಕೆ ಅವರನ್ನು ಕೆಡವಿತು. ಆದರೆ ಅದರ ಬೆಲೆಯನ್ನು ತಪ್ಪೇನೂ ಮಾಡದ ಟ್ರೂಎಕ್ಸ್ ಕೂಡ ತೆತ್ತರು. ಆಕ್ರಮಣಕಾರಿ ಚಾಲನೆಯ ನಿಜವಾದ ಗೋಜಲು ಇರುವುದು ಇಲ್ಲಿ. ಉದ್ದೇಶ ಒಳ್ಳೆಯದಿದ್ದರೂ ಇನ್ನೊಬ್ಬನ ದಿನ ಹಾಳಾಗುತ್ತದೆ. 2021ರ ಆಗಸ್ಟಿನಲ್ಲಿ ಇಂಡಿಯಾನಾಪೊಲಿಸ್‌ನ ರೋಡ್ ಕೋರ್ಸಿನಲ್ಲೂ ಇದೇ ಆಯಿತು. ದಾರಿ ಬಿಟ್ಟು ಅಡ್ಡ ಹಾಯ್ದದ್ದಕ್ಕೆ ಚೇಸ್ ಬ್ರಿಸ್ಕೋ ಅವರಿಗೆ ದಂಡ ವಿಧಿಸಲಾಗಿತ್ತು. ಅಂದರೆ ಅವರು ಗೆಲ್ಲುವ ಮಾತೇ ಇರಲಿಲ್ಲ. ಅದು ತಮಗೆ ತಿಳಿದಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು. ಅಷ್ಟರಲ್ಲಿ ಮುಂದಿದ್ದ ಡೆನ್ನಿ ಹ್ಯಾಮ್ಲಿನ್ ಅವರಿಗೆ ಗುದ್ದಿಯಾಗಿತ್ತು. ಗೆಲುವು ಎ.ಜೆ. ಆಲ್ಮೆಂಡಿಂಗರ್ ಪಾಲಾಯಿತು.

2022ರಲ್ಲಿ ಬಂದ ಹೊಸ ಕಾರು ಈ ಕಥೆಗೆ ಮತ್ತೊಂದು ತಿರುವು ಕೊಟ್ಟಿತು. ಹಿಂದಿನ ಕಾರಿನ ತಗಡಿನ ಕವಚ ತಾಗಿದರೆ ಮಡಚಿ ಟೈರನ್ನು ಕೊಯ್ಯುತ್ತಿತ್ತು, ಗುದ್ದಿದವನಿಗೂ ಭಯವಿತ್ತು. ಹೊಸ ಕಾರಿನ ಕವಚ ಬಾಗಿ ಮತ್ತೆ ಸರಿಹೋಗುವ ಗಟ್ಟಿ ಸಂಯುಕ್ತ ವಸ್ತು. ಅದೇ ವರ್ಷದ ಮಾರ್ಚಿನಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ರಾಸ್ ಚೇಸ್ಟೆನ್ ಕೊನೆಯ ಸುತ್ತಿನಲ್ಲಿ ಆಲ್ಮೆಂಡಿಂಗರ್ ಅವರಿಂದ ನೂಕಿಸಿಕೊಂಡು, ತಿರುಗಿ ಅವರನ್ನು ನೂಕಿ, ತಮ್ಮ ಮೊದಲ ಗೆಲುವು ಪಡೆದರು. ಆಗಸ್ಟಿನಲ್ಲಿ ವಾಟ್ಕಿನ್ಸ್ ಗ್ಲೆನ್‌ನ ಮೊದಲ ತಿರುವಿನಲ್ಲಿ ಲಾರ್ಸನ್ ತಮ್ಮ ತಂಡದವರೇ ಆದ ಚೇಸ್ ಎಲಿಯಟ್ ಅವರನ್ನು ಹೊರಕ್ಕೆ ಒತ್ತರಿಸಿ ಗೆದ್ದರು. ಭಯ ಕಡಿಮೆಯಾದರೆ ಸಂಯಮವೂ ಕಡಿಮೆಯಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಶಿಕ್ಷೆಯ ವಿಷಯದಲ್ಲಿ ಮಾತ್ರ ಸಂಸ್ಥೆ ಬಹುಕಾಲ ಅತ್ತಿತ್ತ ತೂಗಾಡಿತು. 2024ರ ಆಗಸ್ಟಿನಲ್ಲಿ ರಿಚ್‌ಮಂಡ್‌ನ ಅಂಡಾಕಾರದ ದಾರಿಯಲ್ಲಿ ಆಸ್ಟಿನ್ ಡಿಲನ್ ಕೊನೆಯ ತಿರುವಿನಲ್ಲಿ ಇಬ್ಬರನ್ನು ಕೆಡವಿ ಗೆದ್ದಾಗ, ಗೆಲುವನ್ನು ಅವರಿಗೇ ಬಿಟ್ಟು, ಅದರಿಂದ ಸಿಗಬೇಕಿದ್ದ ಅಂತಿಮ ಘಟ್ಟದ ಅರ್ಹತೆಯನ್ನು ಕಿತ್ತುಕೊಂಡರು. ಹಾವೂ ಸಾಯದ, ಕೋಲೂ ಮುರಿಯದ ತೀರ್ಪು.

ಆಸ್ಟ್ರೇಲಿಯದ ಸೂಪರ್‌ಕಾರ್ಸ್ ಪಂದ್ಯಗಳಲ್ಲಿ ಬೇರೆ ದಾರಿ ಕಂಡುಕೊಂಡಿದ್ದಾರೆ. ತಾಗಿ ಮುಂದೆ ಹೋದವನು ತಕ್ಷಣ ವೇಗ ತಗ್ಗಿಸಿ ಸ್ಥಾನ ಹಿಂದಿರುಗಿಸಿದರೆ ಲೆಕ್ಕ ಚುಕ್ತಾ. ಇಲ್ಲವಾದರೆ ಅಧಿಕಾರಿಗಳ ದಂಡ. ಆ ಶಾಲೆಯಲ್ಲಿ ಮೂರು ಬಾರಿ ಚಾಂಪಿಯನ್ ಆದ ನ್ಯೂಜಿಲೆಂಡಿನ ಷೇನ್ ವ್ಯಾನ್ ಗಿಸ್ಬರ್ಗೆನ್ 2023ರ ಜುಲೈನಲ್ಲಿ ಷಿಕಾಗೋ ನಗರದ ರಸ್ತೆಗಳಲ್ಲಿ ತಮ್ಮ ಮೊಟ್ಟಮೊದಲ ನ್ಯಾಸ್ಕಾರ್ ಕಪ್ ಪಂದ್ಯವನ್ನೇ ಗೆದ್ದರು. ಮೊದಲ ಪಂದ್ಯದಲ್ಲೇ ಗೆಲ್ಲುವುದು 1963ರ ನಂತರ ಯಾರಿಗೂ ಆಗಿರಲಿಲ್ಲ. ಕೊನೆಯಲ್ಲಿ ಜಸ್ಟಿನ್ ಹೇಲಿ ಅವರನ್ನು ಹಿಂದಿಕ್ಕಿದ್ದು ಯಾರನ್ನೂ ಕೆಡವದೆ, ಬ್ರೇಕಿನ ಮೇಲಿನ ಹಿಡಿತದಿಂದ. 2025ರಲ್ಲಿ ಅವರು ಐದು ರೋಡ್ ಕೋರ್ಸ್ ಪಂದ್ಯಗಳನ್ನು ಗೆದ್ದರು. ಉಳಿದವರಿಗಿಂತ ವೇಗವಿದ್ದವನಿಗೆ ನೂಕುವ ಪ್ರಮೇಯ ಬರುವುದಿಲ್ಲ ಎಂದು ಯಾರಾದರೂ ಕೊಂಕು ನುಡಿದರೆ ಅದನ್ನೂ ಅಲ್ಲಗಳೆಯುವಂತಿಲ್ಲ.

ಇನ್ನು ರಿಕಿ ರಡ್. 1991ರ ಆ ಋತುವಿನಲ್ಲಿ ಅವರು ಅರ್ನ್‌ಹಾರ್ಟ್ ಹಿಂದೆ ಎರಡನೆಯ ಸ್ಥಾನ ಪಡೆದರು. ಡೇವಿ ಆಲಿಸನ್ 1993ರ ಜುಲೈನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಆಲಿಸನ್ ಓಡಿಸುತ್ತಿದ್ದ 28ನೇ ಸಂಖ್ಯೆಯ ಫೋರ್ಡಿನ ಮಾಲೀಕ ರಾಬರ್ಟ್ ಯೇಟ್ಸ್ ಮುಂದೆ ಬೇರೆ ಬೇರೆ ಚಾಲಕರನ್ನು ಹುಡುಕಿಕೊಂಡರು. 2000ದಲ್ಲಿ ಆ ಕಾರು ರಡ್ ಕೈಗೆ ಬಂತು. 2002ರ ಜೂನ್ 23ರಂದು ಸೊನೋಮಾದಲ್ಲಿ, ಮುಂದೆ ಓಡುತ್ತಿದ್ದ ಜೆರಿ ನಡೋ ಅವರ ಕಾರು ಕೊನೆಯ ಕೆಲವು ಸುತ್ತುಗಳಿರುವಾಗ ಕೆಟ್ಟುಹೋಯಿತು. ಹಿಂದಿದ್ದ ರಡ್ ಯಾರನ್ನೂ ಮುಟ್ಟುವ ಅಗತ್ಯವಿಲ್ಲದೆ ಮುಂದೆ ಬಂದರು. ಅದೇ ಹನ್ನೊಂದನೆಯ ತಿರುವನ್ನು ಅದೇ 28ನೇ ಸಂಖ್ಯೆಯ ಕಾರಿನಲ್ಲಿ ಬಳಸಿ ಬಂದಾಗ ಅವರಿಗೆ ಚೌಕಳಿ ಬಾವುಟವನ್ನೇ ಬೀಸಿದರು. ಅದು ಅವರ ವೃತ್ತಿಜೀವನದ ಕೊನೆಯ ಗೆಲುವು.